ಕ್ಯೋಟೊದ ಆ ಅಜ್ಜಿಗೆ

ಅಜ್ಜಿ, ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಈಗಲೂ ಬೇಜಾರಾಗುತ್ತದೆ.

ಜೂನ್ ಮೊದಲ ವಾರ, ಹೇಯಾನ್ ಜಿಂಗು. 1895ರಲ್ಲಿ ಕಟ್ಟಿದ, ಜಪಾನಿನ ಶಿಂಟೋ ಧರ್ಮದ ಮಂದಿರ. ಹೇಗೆ ಕೈಮುಗಿಯಬೇಕು ಅಂತ ಅಮ್ಮ ತಡವರಿಸುತ್ತಿದ್ದಾಗ ನೀವೇ ಪಕ್ಕಕ್ಕೆ ಬಂದಿರಿ. ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮತ್ತೆ ಒಂದು ಸಲ ಬಾಗಿ. ಅಮ್ಮ ನಿಮ್ಮನ್ನೇ ನೋಡುತ್ತಾ ಹಾಗೇ ಮಾಡಿದರು.

ತೋಟಕ್ಕೂ ಜೊತೆಗೆ ಬಂದಿರಿ. ಪಶ್ಚಿಮದ ಕೊಳದ ಅಂಚಿನಲ್ಲಿ ನೇರಳೆ, ಬಿಳಿ ಐರಿಸ್ ಹೂಗಳು. ಒಂದು ದಳದ ಬುಡದ ಹಳದಿ ಗೆರೆಯನ್ನು ಮುಟ್ಟದೆ, ಬೆರಳಲ್ಲೇ ತೋರಿಸಿದಿರಿ. ವಸಂತದಲ್ಲಿ ಇಲ್ಲಿ ಜೋತುಬಿದ್ದ ಚೆರ್ರಿ ಹೂ ಅಂತ ಕೈಯನ್ನೇ ಕೊಂಬೆಯಂತೆ ಇಳಿಬಿಟ್ಟು ಹೇಳಿದಿರಲ್ವಾ? ಎಲ್ಲಾ ಅರ್ಥವಾಯಿತು.

ಆಮೇಲೆ ನೀರಿನ ಮೇಲಿನ ಆ ಗುಂಡುಕಲ್ಲುಗಳು. 16ನೇ ಶತಮಾನದಲ್ಲಿ ಜಪಾನನ್ನು ಆಳಿದ ಹಿಡೆಯೋಶಿ ಕಟ್ಟಿಸಿದ ಸೇತುವೆಗಳ ಕಂಬಗಳಿಂದಲೇ ಮಾಡಿದವಂತೆ ಅವು. ಮಳೆಗೆ ಜಾರುತ್ತಿದ್ದವು. ಅಮ್ಮನಿಗೆ ಮಂಡಿನೋವು, ಹೆದರಿ ನಿಂತುಬಿಟ್ಟರು. ನೀವು ಕೊಡೆ ನನಗೆ ಕೊಟ್ಟು, ಮುಂದಿನ ಕಲ್ಲಿನಿಂದ ಎರಡೂ ಕೈ ಚಾಚಿದಿರಿ. ಒಂದೊಂದೇ ಹೆಜ್ಜೆ. ನಿಮ್ಮ ತೋಳು ಪೂರ್ತಿ ಒದ್ದೆ.

ತುಂಬಾ ಥ್ಯಾಂಕ್ಸ್ ಅಜ್ಜಿ. ಅಮ್ಮ ಮನೆಗೆ ಬಂದವರಿಗೆಲ್ಲ ಮೊದಲು ನಿಮ್ಮ ಸುದ್ದಿಯನ್ನೇ ಹೇಳುತ್ತಾರೆ.