ಆಚೆ ದಡದ ಲಾಟೀನು

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅಮ್ಮ ಜೀವಮಾನವೆಲ್ಲ ಕಾದ ಸೇತುವೆ ಅವಳು ಹೋದ ಮೇಲೆ ಬಂದಿದೆ, ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ನಿಮಗೆ ಹೇಗೆ ಮನಸ್ಸು ಬಂತು ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ಎರಡು ಸಲ ನಾನೇ ಮಾಡಿದೆ; ನೀನು ಎತ್ತಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಆ ಫೋಟೋದಲ್ಲಿ ನಾನು ನಗುತ್ತಿರುವಂತೆ ಕಾಣುತ್ತೇನೆ ಎಂದೆಯಲ್ಲ, ನನ್ನ ಮುಖ ಹಾಗೇಕೆ ಇತ್ತು ಎಂಬುದನ್ನು ಹೇಳಲಿಕ್ಕಾಗಿಯೇ ಈ ಪತ್ರ.

ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆಯ ಉದ್ಘಾಟನೆಗೆ ನಾನು ಹೋಗಲಿಲ್ಲ. ನಾಲ್ಕು ದಿನ ಬಿಟ್ಟು, ಜನ ಕಡಿಮೆಯಾದ ಮೇಲೆ, ನಿನ್ನ ದೊಡ್ಡ ಮಾವ ಬಂದು ಒತ್ತಾಯ ಮಾಡಿ ಕರೆದುಕೊಂಡು ಹೋದ. 2018ರಲ್ಲಿ ಶಂಕುಸ್ಥಾಪನೆಯಾದ ಮೇಲೆ ತವರಿಗೆ ಹೋಗುವಾಗಲೆಲ್ಲ ಅಮ್ಮ ಲಾಂಚಿನ ಕಂಬಿ ಹಿಡಿದು ನಿಂತು, ಹಿನ್ನೀರಿನಲ್ಲಿ ಹೊಸದಾಗಿ ಎದ್ದ ಕಂಬಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಲ್ಲಿ, ಮುಳುಗಡೆಯಾದ ಊರನ್ನು ಬಿಟ್ಟು ತುಮರಿ ಸೀಮೆಯಲ್ಲಿ ಹೊಸ ಮನೆ ಕಟ್ಟಿದವರ ಮನೆಯಲ್ಲಿ ಹುಟ್ಟಿದವಳು ಅವಳು. ನೀರು ಎಷ್ಟು ಜನರ ದಾರಿ ಕಡಿಯಿತು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೀನು ಹುಟ್ಟಿದ ಕಥೆ ನಿನಗೆ ಬಾಯಿಪಾಠ. ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಆ ಕಥೆಯಲ್ಲಿ ನಾನು ಯಾವಾಗಲೂ ಬಿಟ್ಟು ಹೇಳುತ್ತಿದ್ದ ಒಂದು ಭಾಗವಿದೆ. ಕೊನೆಯ ಲಾಂಚ್ ತಪ್ಪಿಹೋಗಿತ್ತು, ಅದಕ್ಕೇ ನಾನು ಸಾಗರದ ಕಡೆಯ ಅಂಬಾರಗೋಡ್ಲಿನ ದಡದಲ್ಲಿ ರಾತ್ರಿ ಕಳೆಯಬೇಕಾಯಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ನಿಜವಲ್ಲ, ಕೂಸೇ. ನಾನು ಬಾಡಿಗೆ ಕಾರಿನಲ್ಲಿ ದಡಕ್ಕೆ ತಲುಪಿದಾಗ ಕೊನೆಯ ಲಾಂಚ್ ಇನ್ನೂ ನಿಂತಿತ್ತು. ಹಗ್ಗ ಬಿಚ್ಚುತ್ತಿದ್ದ ಹುಡುಗ ನನ್ನನ್ನು ನೋಡಿ, ಬರುತ್ತೀರಾ ಎಂದು ಕೇಳಿದ. ನಾನು ಇಲ್ಲವೆಂದು ಕೈ ಆಡಿಸಿದೆ.

ಅಮ್ಮನ ಸೀಮಂತದ ದಿನ ಊಟದ ಪಂಕ್ತಿಯಲ್ಲಿ ನಿನ್ನ ಮಾವ ಆಡಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ನಾನು ದಡಕ್ಕೆ ಬಂದ ದಿನ ಮಧ್ಯಾಹ್ನ ಅವಳ ತವರಿನವರು ಕಳಿಸಿದ ಸುದ್ದಿಯಲ್ಲಿ, ನೋವು ಸಣ್ಣಗೆ ಶುರುವಾಗಿದೆ, ಬೆಳಗಿನ ಲಾಂಚಿಗೆ ಕರೆದುಕೊಂಡು ಬರುತ್ತೇವೆ ಎಂದಿತ್ತೇ ಹೊರತು ನೀವು ಬನ್ನಿ ಎಂಬ ಮಾತು ಇರಲಿಲ್ಲ. ಕರೆಯದ ಮನೆಗೆ ಅಳಿಯನಾಗಿ ಹೇಗೆ ಹೋಗಲಿ ಎಂದು, ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದ ರಾತ್ರಿ ನಾನು ಲೆಕ್ಕ ಹಾಕಿದೆ.

ಅದು 1989ರ ಡಿಸೆಂಬರ್. ಹಿನ್ನೀರು ಇನ್ನೂ ತುಂಬಿತ್ತು. ಹತ್ತು ಗಂಟೆಯ ಸುಮಾರಿಗೆ ಆಚೆ ದಡದ ಕಳಸವಳ್ಳಿಯ ಕಡೆ ಸಾಸಿವೆ ಕಾಳಿನಷ್ಟು ಬೆಳಕು ಕಾಣಿಸಿತು. ಮೀನು ಹಿಡಿಯುವವರ ದೀಪವಿರಬೇಕು ಎಂದುಕೊಂಡೆ. ಅದು ನೀರಿನ ಅಂಚಿಗೆ ಬಂದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮೇಲಕ್ಕೆ ಎದ್ದು, ಎಡಕ್ಕೂ ಬಲಕ್ಕೂ ತೂಗಿ, ಮತ್ತೆ ಕೆಳಗೆ ಇಳಿಯಿತು. ನಡುರಾತ್ರಿಯವರೆಗೆ ಅದು ಹಾಗೆ ಏಳುವುದನ್ನೂ ಇಳಿಯುವುದನ್ನೂ ನೋಡಿದೆ. ಆಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ನಿದ್ದೆ ಹೋದೆ. ನಿದ್ದೆ ಹೋದೆ ಎಂದು ಬರೆಯಲು ಇಷ್ಟು ವರ್ಷ ಬೇಕಾಯಿತು. ನೋವು ಜೋರಾಗಿ, ಲಾಂಚಿನವರನ್ನು ಎಬ್ಬಿಸಿಯಾದರೂ ದಾಟಿಸೋಣವೆಂದು ಅವಳನ್ನು ಎತ್ತಿನ ಗಾಡಿಯಲ್ಲಿ ದಡಕ್ಕೆ ತಂದಿದ್ದರು. ಮಂಜು ಕವಿಯುತ್ತಿದೆ, ಬೆಳಗಾಗದೆ ಲಾಂಚ್ ಬಿಡಲು ಆಗುವುದಿಲ್ಲ ಎಂಬ ಉತ್ತರ ಬಂತಂತೆ. ಜೀಪು ಹುಡುಕಿ, ನಿಟ್ಟೂರು, ನಗರ, ಹೊಸನಗರ ಸುತ್ತಿ ಸಾಗರ ಸೇರುವ 80 ಕಿಲೋಮೀಟರಿಗೂ ಹೆಚ್ಚಿನ ದಾರಿಯೊಂದಿತ್ತು. ಆ ಹೊಂಡದ ರಸ್ತೆಯಲ್ಲಿ ಅವಳನ್ನು ಕರೆದೊಯ್ಯುವ ಜವಾಬ್ದಾರಿಯನ್ನು, ಗಂಡ ಎದುರಿಗೆ ಇಲ್ಲದೆ, ಯಾರೂ ತೆಗೆದುಕೊಳ್ಳಲಿಲ್ಲ. ನಾನು ದಾಟಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಮರುದಿನ ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಮುಖ ನೋಡಿ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಕೇಳಿದರು. ನನ್ನ ಪರವಾಗಿ ಅಮ್ಮನೇ ಉತ್ತರ ಕೊಟ್ಟಳು: "ಲಾಂಚ್ ಇರಲಿಲ್ಲ." ಅವಳಿಗೆ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಮೊನ್ನೆ ಸೇತುವೆಯ ನಡುವೆ ನಿಂತಾಗ ನಿನ್ನ ಮಾವ ಹೇಳಿದ. ಆ ರಾತ್ರಿ ಲಾಂಚಿನವರನ್ನು ಎಬ್ಬಿಸಿದಾಗ, ಹಗ್ಗ ಬಿಚ್ಚಿದ ಆ ಹುಡುಗ, ನಿಮ್ಮ ಭಾವ ಆ ದಡದಲ್ಲಿದ್ದಾರೆ, ಕರೆದರೂ ಹತ್ತಲಿಲ್ಲ ಎಂದು ಗಾಡಿಯಲ್ಲಿ ಮಲಗಿದ್ದ ಅವಳಿಗೂ ಕೇಳುವಂತೆ ಹೇಳಿದ್ದನಂತೆ. ಅವಳು ಮಾವನಿಗೆ, "ಲಾಟೀನು ಎತ್ತಿ ಹಿಡಿ ಅಣ್ಣ, ಅವರಿಗೆ ಕಾಣಲಿ" ಎಂದಳಂತೆ. ಅವನು ಈ ಮಾತು ಹೇಳಿ ಮುಗಿಸುವ ಹೊತ್ತಿಗೆ ಅವನ ಮಗ ಫೋಟೋ ತೆಗೆದ. ಆ ಮುಖವನ್ನೇ ನೀನು ನೋಡಿದ್ದು.

34 ವರ್ಷ ಅವಳು ಇದನ್ನು ಎತ್ತಿ ಆಡಲಿಲ್ಲ. ಕೊಯ್ಲಿನ ಕಾಲದಲ್ಲಿ ನಾವಿಬ್ಬರೂ ಮೆಟ್ಟುಗತ್ತಿಯ ಮೇಲೆ ಎದುರುಬದುರು ಕುಳಿತು, ಬೆರಳೆಲ್ಲ ಚೊಗರಿನಿಂದ ಕಪ್ಪಾಗುವಂತೆ, ಹನ್ನೊಂದು ಗಂಟೆಯವರೆಗೆ ಅಡಿಕೆ ಸುಲಿಯುತ್ತಿದ್ದೆವು. ಸಾಲ, ತೋಟದ ಕೊಳೆರೋಗ, ನಿನ್ನ ಓದು, ನಾನು ಯಾರೊಂದಿಗೂ ಆಡದ ಭಯಗಳು, ಎಲ್ಲವನ್ನೂ ಆಡಿದ್ದು ಅಲ್ಲಿಯೇ. ನನಗೆ ಅವಳಿಗಿಂತ ಹತ್ತಿರದ ಸ್ನೇಹಿತರು ಇರಲಿಲ್ಲ. ಅಷ್ಟು ಮಾತಿನ ನಡುವೆ ಈ ಒಂದನ್ನು ಕೇಳಿ ನನ್ನನ್ನು ಸಣ್ಣವನನ್ನಾಗಿ ಮಾಡಬಾರದು ಎಂದುಕೊಂಡಳೋ, ನಾನೇ ಹೇಳಲಿ ಎಂದು ಕಾದಳೋ ಎಂದು ಈಗ ದಿನವೂ ಯೋಚಿಸುತ್ತೇನೆ.

ಅವಳ ಕೊನೆಯ ದಿನಗಳ ಬಗ್ಗೆ ನಿನ್ನ ಮನಸ್ಸಿನಲ್ಲಿರುವ ದೂರು ನನಗೆ ಗೊತ್ತಿದೆ. ಮಣಿಪಾಲ ಬೇಡ, ಮನೆಯಲ್ಲೇ ಇರುತ್ತೇನೆ ಎಂದದ್ದು ಅವಳು. ಅದಕ್ಕಿಂತ ಹೆಚ್ಚು ನಾನು ವಾದ ಮಾಡುವುದಿಲ್ಲ.

ಒಂದು ಮಾತು ಹೇಳಬೇಕು, ಉಪದೇಶವೆಂದು ತಿಳಿಯಬೇಡ. ನಿನ್ನ ಅತ್ತೆಯವರು ಆಡಿದ ಮಾತನ್ನು ಹಿಡಿದು ನೀನು ಒಂದು ವರ್ಷದಿಂದ ಅವರ ಮನೆಗೆ ಹೋಗಿಲ್ಲ. ಅವರು ಕರೆಯಲಿ, ಆಮೇಲೆ ಹೋಗುತ್ತೇನೆ ಎನ್ನುತ್ತೀಯೆ. ಈ ಬಿಗುಮಾನ ನಿನಗೆ ಬಂದಿರುವುದು ನನ್ನಿಂದ, ಅಮ್ಮನಿಂದಲ್ಲ. ಹೋಗಿ ಬಾ. ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಕಾಯಬೇಡ. ರಾತ್ರಿ ಒಂದು ಗಂಟೆಯವರೆಗೆ ಕೆಲಸ ಮಾಡುವುದನ್ನೂ ಬಿಡು, ಹೊತ್ತಿಗೆ ಸರಿಯಾಗಿ ಊಟ ಮಾಡು, ಅಮ್ಮನಿಗಿದ್ದ ಬಿಪಿ ನಿನಗೂ ಬರಬಹುದು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೋ. ನೋಡು, ಎಲ್ಲಿಂದ ಎಲ್ಲಿಗೋ ಹೋದೆ. ಒಂಟಿಯಾಗಿ ಓದಿ, ದುಡಿದು, ಮನೆ ಕಟ್ಟಿಕೊಂಡ ಮಗಳಿಗೆ ಇದೆಲ್ಲ ಹೇಳಬೇಕಾಗಿಲ್ಲ. ನಿನ್ನ ಬಗ್ಗೆ ನನಗಿರುವ ಹೆಮ್ಮೆಯನ್ನು ಊರವರ ಮುಂದೆ ಹೇಳಿದ್ದೇನೆ, ನಿನ್ನ ಮುಂದೆ ಹೇಳಿಲ್ಲ. ಅದೂ ತಪ್ಪೇ.

2023ರ ಬೇಸಿಗೆಯಲ್ಲಿ ಅಮ್ಮ ಹಾಕಿಟ್ಟ ಅಪ್ಪೆಮಿಡಿಯ ಭರಣಿ ಅಟ್ಟದ ಮೂಲೆಯಲ್ಲಿ ಹಾಗೆಯೇ ಇದೆ. ತೊಟ್ಟು ಮುರಿದು, ಸೊನೆಯ ಪರಿಮಳ ನೋಡಿ, ಒಂದೊಂದೇ ಮಿಡಿಯನ್ನು ಆರಿಸಿದ್ದಳು. ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಅವಳು ಹಾಕಿದ್ದು, ನಾನು ಬಿಚ್ಚಿಲ್ಲ. ನೀನು ಕರೆದಿಲ್ಲ, ಆದರೂ ಭಾನುವಾರ ರಾತ್ರಿಯ ಬೆಂಗಳೂರು ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಭರಣಿಯನ್ನು ಮಡಿಲಲ್ಲೇ ಇಟ್ಟುಕೊಂಡು ಬರುತ್ತೇನೆ. ಬೆಳಗ್ಗೆ ಆರು ಗಂಟೆಗೆ ಬಾಗಿಲು ಬಡಿದರೆ ನಾನೇ ಎಂದು ತಿಳಿ.

ಇಂತಿ,
ನಿನ್ನ ಅಪ್ಪ