ಸಹಿ ಹಾಕುವ ಮುನ್ನ: ಅಮೆರಿಕದಲ್ಲಿ ಟ್ರಕ್ ಹತ್ತಲು ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಅಕ್ಕನ ಅರ್ಜಿಯಿಂದ ಗ್ರೀನ್ ಕಾರ್ಡ್ ಸಿಕ್ಕಿ ನೀನು ನ್ಯೂಜೆರ್ಸಿಗೆ ಬಂದಿಳಿದಾಗಲೇ ಈ ಪ್ರಶ್ನೆ ಒಂದು ದಿನ ಬರುತ್ತದೆಂದು ನನಗೆ ಗೊತ್ತಿತ್ತು. ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲೂ ಲಾರಿ ಇಳಿಸಿದವನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಕೊಂಡು ಎಷ್ಟು ದಿನ ಇದ್ದಾನು? ದೊಡ್ಡ ಟ್ರಕ್ ಕಂಪನಿಯೊಂದು ತಾನೇ ಕಲಿಸಿ, ಪರವಾನಗಿ ಕೊಡಿಸಿ, ಕೆಲಸವನ್ನೂ ಕೊಡುತ್ತೇನೆ ಎನ್ನುತ್ತಿದೆ, ಸೇರಲೇ ಎಂದು ಕೇಳಿದ್ದೀಯ. ಸೇರು. ನಾನೂ ಅದೇ ಬಾಗಿಲಿನಿಂದ ಒಳಗೆ ಬಂದವನು. ಆದರೆ ಆ ಕಂಪನಿಗೆ ನೀನು ಏಕೆ ಬೇಕು ಎಂಬುದನ್ನು ತಿಳಿದುಕೊಂಡು ಸೇರು.

ಫೀನಿಕ್ಸ್‌ನ ಸ್ವಿಫ್ಟ್, ಗ್ರೀನ್ ಬೇಯ ಷ್ನೈಡರ್, ಸ್ಪ್ರಿಂಗ್‌ಫೀಲ್ಡ್‌ನ ಪ್ರೈಮ್, ಸಾಲ್ಟ್ ಲೇಕ್ ಸಿಟಿಯ ಸಿ.ಆರ್. ಇಂಗ್ಲೆಂಡ್ ಮುಂತಾದ ದೊಡ್ಡ ಕಂಪನಿಗಳು ಅನುಭವವೇ ಇಲ್ಲದವರನ್ನು ತೆಗೆದುಕೊಳ್ಳುತ್ತವೆ. ಸಣ್ಣ ಮಾಲೀಕರಿಗೆ ಅದು ಕಷ್ಟ. ಒಂದೆರಡು ವರ್ಷ ಓಡಿಸಿದ ದಾಖಲೆ ಇಲ್ಲದ ಚಾಲಕನಿಗೆ ವಿಮೆ ಕೊಡಲು ವಿಮಾ ಕಂಪನಿಗಳು ಸುಲಭವಾಗಿ ಒಪ್ಪುವುದಿಲ್ಲ. ದೊಡ್ಡವರು ಆ ಅಪಾಯವನ್ನು ತಾವೇ ಹೊರುತ್ತಾರೆ. ಅವರಿಗೆ ಹೊಸಬರ ಅಗತ್ಯವೂ ಸದಾ ಇರುತ್ತದೆ. ದೂರದ ಓಟದ ದೊಡ್ಡ ಕಂಪನಿಗಳಲ್ಲಿ ಕೆಲಸ ಬಿಡುವವರ ವಾರ್ಷಿಕ ಪ್ರಮಾಣ ಹಲವು ವರ್ಷಗಳ ಕಾಲ ಶೇಕಡಾ 90ರ ಆಸುಪಾಸಿನಲ್ಲಿತ್ತು ಎಂದು ಟ್ರಕ್ ಮಾಲೀಕರ ಸಂಘವೇ ಲೆಕ್ಕ ಕೊಟ್ಟಿದೆ. ಒಬ್ಬ ಹೋದರೆ ಇನ್ನೊಬ್ಬ ಎಂಬ ಲೆಕ್ಕದಲ್ಲೇ ಆ ವ್ಯವಸ್ಥೆ ನಡೆಯುತ್ತದೆ. ನಿನಗೆ ಅಲ್ಲಿಂದ ಬೇಕಾಗಿರುವುದು ಎರಡೇ: ಪರವಾನಗಿ, ಮತ್ತು ಅಪಘಾತವಿಲ್ಲದ ಒಂದು ವರ್ಷದ ದಾಖಲೆ. ಮಿಕ್ಕ ಭರವಸೆಗಳಿಗೆಲ್ಲ ಎರಡನೆಯ ಸ್ಥಾನ ಕೊಡು.

ಮೊದಲು ಪರವಾನಗಿಯ ವಿಷಯ. ನಮ್ಮೂರಿನ ಹೆವಿ ಲೈಸೆನ್ಸ್‌ಗೆ ಇಲ್ಲಿ ಬೆಲೆಯಿಲ್ಲ. 'ಎ' ದರ್ಜೆಯ ವಾಣಿಜ್ಯ ಪರವಾನಗಿ, ಇಲ್ಲಿನವರ ಬಾಯಲ್ಲಿ ಸಿಡಿಎಲ್, ಬೇಕು. ರಾಜ್ಯ ರಾಜ್ಯಗಳ ನಡುವೆ ಓಡಿಸಲು 21 ತುಂಬಿರಬೇಕು, ನಿನಗೆ ಆ ಚಿಂತೆಯಿಲ್ಲ. ಲಿಖಿತ ಪರೀಕ್ಷೆಯಲ್ಲಿ ಸಾಮಾನ್ಯ ಜ್ಞಾನ, ಏರ್ ಬ್ರೇಕ್, ಜೋಡಿ ವಾಹನ (ಟ್ರೇಲರ್ ಎಳೆಯುವ ಟ್ರಕ್) ಎಂಬ ಮೂರು ಭಾಗಗಳನ್ನು ಪಾಸು ಮಾಡಿದರೆ ಕಲಿಕಾ ಪರ್ಮಿಟ್ ಸಿಗುತ್ತದೆ. ಅದು ಕೈಗೆ ಬಂದು 14 ದಿನ ಆಗುವವರೆಗೆ ಚಾಲನಾ ಪರೀಕ್ಷೆಗೆ ಕೂರುವಂತಿಲ್ಲ. 2022ರ ಫೆಬ್ರುವರಿ 7ರಿಂದ ಕೇಂದ್ರ ಸರ್ಕಾರದ ನೋಂದಣಿ ಪಟ್ಟಿಯಲ್ಲಿರುವ ಶಾಲೆಯಲ್ಲೇ ತರಬೇತಿ ಪಡೆಯುವುದು ಕಡ್ಡಾಯ. ಆದರೆ ಸ್ಟೀರಿಂಗ್ ಹಿಡಿದು ಇಂತಿಷ್ಟು ಗಂಟೆ ಓಡಿಸಲೇಬೇಕು ಎಂಬ ಕನಿಷ್ಠ ಮಿತಿ ಆ ನಿಯಮದಲ್ಲಿಲ್ಲ. ಬೋಧಕನಿಗೆ ತೃಪ್ತಿಯಾದರೆ ಸಾಕು. ಹಾಗಾಗಿ ಒಂದು ಟ್ರಕ್ಕಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ ತಿಳಿದುಕೋ. ನಾಲ್ಕು ಜನ ಸರದಿಯಲ್ಲಿ ಕಾಯುವ ಕಡೆ ನಿನಗೆ ಸಿಗುವುದು ದಿನದ ಕಾಲುಭಾಗ ಮಾತ್ರ. ಗೇರ್ ಇಲ್ಲದ ಸ್ವಯಂಚಾಲಿತ ಟ್ರಕ್ಕಿನಲ್ಲಿ ಪರೀಕ್ಷೆ ಕೊಟ್ಟರೆ ಪರವಾನಗಿಯ ಮೇಲೆ 'ಇ' ಎಂಬ ನಿರ್ಬಂಧ ಬೀಳುತ್ತದೆ, ಆಮೇಲೆ ಗೇರಿನ ಟ್ರಕ್ ಮುಟ್ಟುವಂತಿಲ್ಲ. ಈಗ ದೊಡ್ಡ ಕಂಪನಿಗಳ ಟ್ರಕ್ಕುಗಳು ಬಹುಪಾಲು ಸ್ವಯಂಚಾಲಿತವೇ ಆದ್ದರಿಂದ ಸದ್ಯಕ್ಕೆ ತೊಂದರೆಯಿಲ್ಲ. ಗೇರು ಗೊತ್ತಿರುವ ನಿನಗೆ ಅವಕಾಶ ಸಿಕ್ಕರೆ ಮಾತ್ರ ಬಿಡಬೇಡ.

ಓರಿಯಂಟೇಶನ್‌ಗೆ, ಅಂದರೆ ಹೊಸಬರ ಆರಂಭದ ತರಗತಿ ಮತ್ತು ತಪಾಸಣೆಗೆ, ಬಸ್ ಟಿಕೆಟ್ ಕಳಿಸುತ್ತಾರೆ, ಅಗ್ಗದ ಹೋಟೆಲಿನಲ್ಲಿ ಅಪರಿಚಿತನೊಬ್ಬನ ಜೊತೆ ಕೋಣೆ ಹಂಚಿಕೊಳ್ಳಬೇಕಾಗಬಹುದು. ಮೊದಲ ದಿನ ತುಂಬಿದ ತರಗತಿ ಎರಡು ಮೂರು ದಿನಗಳಲ್ಲಿ ಅರ್ಧವಾಗುವುದನ್ನು ನಾನು ಕಂಡಿದ್ದೇನೆ. ವಾಪಸು ಹೋದವರಲ್ಲಿ ಹೆಚ್ಚಿನವರು ಓಡಿಸಲು ಬಾರದೆ ಹೋದವರಲ್ಲ. ಅರ್ಜಿಯಲ್ಲಿ ಏನನ್ನೋ ಮುಚ್ಚಿಟ್ಟವರು, ಇಲ್ಲವೇ ವೈದ್ಯಕೀಯ ತಪಾಸಣೆಯಲ್ಲಿ ನಿಂತುಹೋದವರು. ರಕ್ತದೊತ್ತಡ 140/90ಕ್ಕಿಂತ ಕೆಳಗಿದ್ದರೆ ಎರಡು ವರ್ಷದ ವೈದ್ಯಕೀಯ ಪ್ರಮಾಣಪತ್ರ ಸಿಗುತ್ತದೆ, ಮೇಲಿದ್ದರೆ ಅವಧಿ ಕಡಿಮೆಯಾಗುತ್ತದೆ. ನಿನಗೆ ಬಿಪಿ ಇರುವುದು ಗೊತ್ತು, ಈಗಲೇ ಡಾಕ್ಟರನ್ನು ಕಂಡು ಹತೋಟಿಗೆ ತಂದುಕೋ. ಕುತ್ತಿಗೆ ದಪ್ಪ ಇದ್ದರೆ, ಗೊರಕೆ ಇದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷಿಸಲು ಹೇಳಬಹುದು, ಅದಕ್ಕೆ ಹೆದರಬೇಡ. ಮಾದಕ ವಸ್ತು ಪತ್ತೆಗೆ ಮೂತ್ರ ಪರೀಕ್ಷೆಯ ಜೊತೆಗೆ ಹಲವು ದೊಡ್ಡ ಕಂಪನಿಗಳು ಕೂದಲ ಪರೀಕ್ಷೆಯನ್ನೂ ಮಾಡುತ್ತವೆ. ನ್ಯೂಜೆರ್ಸಿಯಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಸಿಡಿಎಲ್ ಇರುವವರಿಗೆ ಕೇಂದ್ರದ ನಿಯಮವೇ ಅಂತಿಮ, ಒಮ್ಮೆ ಸಿಕ್ಕಿಬಿದ್ದರೆ 2020ರಿಂದ ಇರುವ ರಾಷ್ಟ್ರೀಯ ದಾಖಲೆಯಲ್ಲಿ ಹೆಸರು ಸೇರುತ್ತದೆ, ಎಲ್ಲ ಕಂಪನಿಗಳಿಗೂ ಅದು ಕಾಣುತ್ತದೆ.

ಇಂಗ್ಲಿಷ್ ಬಗ್ಗೆಯೂ ಹೇಳಬೇಕು. ಚಾಲಕನಿಗೆ ಇಂಗ್ಲಿಷ್ ಬರಬೇಕೆಂಬ ನಿಯಮ ಹಳೆಯದು. 2025ರ ಜೂನ್ 25ರಿಂದ ಅದನ್ನು ಬಿಗಿ ಮಾಡಿದ್ದಾರೆ: ತಪಾಸಣಾಧಿಕಾರಿಯ ಪ್ರಶ್ನೆಗೆ ಉತ್ತರಿಸಲಾಗದಿದ್ದರೆ, ರಸ್ತೆ ಫಲಕ ಅರ್ಥವಾಗದಿದ್ದರೆ, ಅಲ್ಲೇ ಟ್ರಕ್ ನಿಲ್ಲಿಸಿಬಿಡುತ್ತಾರೆ. ನಿನ್ನ ಇಂಗ್ಲಿಷ್ ಸಾಕು. ಆದರೆ ಎಲ್ಲಿಂದ ಬಂದೆ, ಏನು ಸರಕು, ಎಷ್ಟು ಹೊತ್ತು ಓಡಿಸಿದೆ ಎಂಬ ಪ್ರಶ್ನೆಗಳಿಗೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಉತ್ತರ ಹೇಳಿ ಅಭ್ಯಾಸ ಮಾಡು.

ಈಗ ಒಪ್ಪಂದ. 'ಉಚಿತ ತರಬೇತಿ' ಎಂಬುದು ಸಾಲ. ಸಾಮಾನ್ಯವಾಗಿ ಒಂದು ವರ್ಷ ಅಲ್ಲೇ ದುಡಿದರೆ ಆ ಸಾಲ ತೀರಿದಂತೆ, ನಡುವೆ ಬಿಟ್ಟರೆ ಸಾವಿರಾರು ಡಾಲರ್ ಕೊಡಬೇಕು. ಎಷ್ಟು ಕೊಡಬೇಕು, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ ಅಥವಾ ಹನ್ನೊಂದನೆಯ ತಿಂಗಳಿನಲ್ಲಿ ಬಿಟ್ಟರೂ ಪೂರ್ತಿ ಕಟ್ಟಬೇಕೇ, ಬಡ್ಡಿ ಎಷ್ಟು, ಕಂಪನಿಯೇ ನಿನ್ನನ್ನು ತೆಗೆದುಹಾಕಿದರೂ ಸಾಲ ಉಳಿಯುತ್ತದೆಯೇ ಎಂಬುದೆಲ್ಲ ಬರಹದಲ್ಲಿರಬೇಕು. ಕಚೇರಿಯಲ್ಲಿ ನಗುನಗುತ್ತಾ ಬಾಯಲ್ಲಿ ಹೇಳಿದ ಮಾತಿಗೆ ನಾಳೆ ಸಾಕ್ಷಿ ಇರುವುದಿಲ್ಲ.

ತರಬೇತಿ ಮುಗಿಯುತ್ತಿದ್ದಂತೆ ಇನ್ನೊಂದು ಕಾಗದ ಬರಬಹುದು: ನೌಕರನಾಗುವ ಬದಲು ನಮ್ಮ ಟ್ರಕ್ಕನ್ನೇ ಗುತ್ತಿಗೆಗೆ ತೆಗೆದುಕೋ, ಕಂತು ಕಟ್ಟು, ಮಾಲೀಕನಾಗು ಎಂದು. ಮಾಲೀಕ ಎಂಬ ಪದ ಕೇಳಿದರೆ ನಿನ್ನ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು, ಊರಿನಲ್ಲಿ ನೀನು ಸ್ವಂತ ಲಾರಿ ಇಟ್ಟವನು. ಇದಕ್ಕೆ ಮಾತ್ರ ಒಪ್ಪಬೇಡ. ಸರಕು ಕೊಡುವವರೂ ಅವರೇ, ಕಂತು ಹಿಡಿಯುವವರೂ ಅವರೇ. ಡೀಸೆಲ್, ರಿಪೇರಿ, ವಿಮೆ ಎಲ್ಲ ಕಳೆದು ವಾರದ ಕೊನೆಗೆ ಕೈಗೆ ಏನೂ ಬಾರದವರನ್ನು ಟ್ರಕ್ ಸ್ಟಾಪುಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಈ ಪದ್ಧತಿಯನ್ನು ಅಧ್ಯಯನ ಮಾಡಲು ಸರ್ಕಾರ ನೇಮಿಸಿದ್ದ ಕಾರ್ಯಪಡೆ 2025ರ ಜನವರಿಯಲ್ಲಿ ವರದಿ ಕೊಟ್ಟು, ಇಂತಹ ಗುತ್ತಿಗೆ-ಖರೀದಿ ಯೋಜನೆಗಳನ್ನು ನಿಷೇಧಿಸಬೇಕೆಂದೇ ಹೇಳಿತು.

ಪರವಾನಗಿ ಬಂದ ಮೇಲೆ ನಿಜವಾದ ಕಲಿಕೆ ಟ್ರೇನರ್ ಜೊತೆ. ಕೆಲವು ವಾರ, ಕೆಲವೆಡೆ ತಿಂಗಳುಗಳು, ಮೇಲೊಂದು ಕೆಳಗೊಂದು ಮಲಗುವ ಹಲಗೆ ಇರುವ ಕ್ಯಾಬಿನ್ನಿನಲ್ಲಿ ಪರಿಚಯವಿಲ್ಲದ ಮನುಷ್ಯನ ಜೊತೆ ಬದುಕಬೇಕು. ಟ್ರೇನರ್ ಎಂದರೆ ಇಪ್ಪತ್ತು ವರ್ಷ ಪಳಗಿದವನೇ ಇರುತ್ತಾನೆ ಎಂದುಕೊಳ್ಳಬೇಡ. ಹಲವೆಡೆ ವರ್ಷ ತುಂಬುವ ಮೊದಲೇ ಟ್ರೇನರ್ ಆಗಬಹುದು. ನೀನು ಓಡಿಸಿದ ಮೈಲಿಗಳಿಗೂ ಅವನಿಗೆ ಹಣ ಬರುವ ಪದ್ಧತಿ ಇದೆ. ಹಾಗಾಗಿ ಒಬ್ಬ ಮಲಗಿದಾಗ ಇನ್ನೊಬ್ಬ ಓಡಿಸುವ 'ಟೀಮ್' ಓಟಕ್ಕೆ ಅವನು ಬೇಗ ಇಳಿಯಬಹುದು. ಟೆನ್ನೆಸೀಯ ಮಾಂಟೀಗಲ್ ಇಳಿಜಾರಿನಲ್ಲಿ ನಡುರಾತ್ರಿ ನೀನು ಸ್ಟೀರಿಂಗ್ ಹಿಡಿದಿರುವಾಗ ಕಲಿಸಬೇಕಾದವನು ಹಿಂದೆ ನಿದ್ರೆಯಲ್ಲಿದ್ದರೆ ಅದನ್ನು ತರಬೇತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹತ್ತುವ ಮೊದಲೇ ಕೇಳು: ಸಿಗರೇಟು ಸೇದುತ್ತೀರಾ, ಎಷ್ಟನೆಯ ವಾರದಿಂದ ಟೀಮ್ ಓಡಿಸುತ್ತೀರಿ, ಹಿಂದಕ್ಕೆ ತೆಗೆಯುವುದನ್ನು ಪ್ರತಿ ಸಲ ನನಗೇ ಬಿಡುತ್ತೀರಾ. ಹೊಂದಿಕೆಯಾಗದಿದ್ದರೆ ಬೇರೆ ಟ್ರೇನರ್ ಕೇಳು, ಅದಕ್ಕೆ ಸಂಕೋಚ ಬೇಡ.

ನನಗೆ ಸಿಕ್ಕವನು ಸೈನ್ಯದಿಂದ ನಿವೃತ್ತನಾದ ಅಲಬಾಮಾದ ಮನುಷ್ಯ, ಮಾತು ಕಡಿಮೆ. ನಾನು ಹಿಂದಕ್ಕೆ ತೆಗೆಯುವಾಗ ಎಷ್ಟೇ ಸುಲಭವಾಗಿ ಕಂಡರೂ ಬ್ರೇಕ್ ಹಾಕಿಸಿ, ಕೆಳಗೆ ಇಳಿಸಿ, ಟ್ರೇಲರ್ ಸುತ್ತಿ ನೋಡಿ ಬಾ ಎನ್ನುತ್ತಿದ್ದ. ಮಳೆಯಲ್ಲೂ, ಹಿಂದೆ ನಾಲ್ಕು ಟ್ರಕ್ಕು ಹಾರ್ನ್ ಹೊಡೆಯುತ್ತಿದ್ದರೂ. ಇಲ್ಲಿನ ಟ್ರೇಲರ್ 53 ಅಡಿ ಉದ್ದ, ಬಲಗಡೆ ಹಿಂಭಾಗ ಕನ್ನಡಿಗೆ ಕಾಣುವುದೇ ಇಲ್ಲ. ಹೊಸಬರು ಕೆಲಸ ಕಳೆದುಕೊಳ್ಳುವುದು ಹೆದ್ದಾರಿಯ ದೊಡ್ಡ ಅಪಘಾತಗಳಿಂದಲ್ಲ, ಟ್ರಕ್ ಸ್ಟಾಪಿನಲ್ಲಿ ಪಕ್ಕದವನ ಬಾನೆಟ್ಟಿಗೆ ಹಿಂದಿನಿಂದ ತಾಗಿಸುವುದರಿಂದ. ಇನ್ನೊಂದು ಅಪಾಯ ತಗ್ಗು ಸೇತುವೆ. ನಿನ್ನ ಟ್ರಕ್ಕಿನ ಎತ್ತರ 13 ಅಡಿ 6 ಇಂಚು. ಕಾರಿನ ಮ್ಯಾಪ್ ನಂಬಿ ಊರೊಳಗೆ ತಿರುಗಬೇಡ, ಟ್ರಕ್ಕಿನ ಜಿಪಿಎಸ್ ಜೊತೆಗೆ ಟ್ರಕ್ ಚಾಲಕರ ಅಟ್ಲಾಸ್ ಪುಸ್ತಕವನ್ನೂ ಇಟ್ಟುಕೋ. ಟ್ರೇಲರ್ ಜೋಡಿಸಿದ ಮೇಲೆ ಎಳೆದು ನೋಡುವುದು ಸಾಲದು, ಇಳಿದು ಟಾರ್ಚ್ ಹಿಡಿದು ಕಿಂಗ್‌ಪಿನ್ನನ್ನು (ಟ್ರೇಲರಿನ ಕೆಳಗಿನ ಜೋಡಣೆಯ ಗೂಟ) ಟ್ರಕ್ಕಿನ ಕೊಕ್ಕೆ ಕಚ್ಚಿರುವುದನ್ನು ಕಣ್ಣಲ್ಲಿ ನೋಡಬೇಕು.

ಘಾಟಿಯ ಅನುಭವ ನಿನಗೆ ಇಲ್ಲಿ ಆಸ್ತಿ. ಆರೆಗಾನ್‌ನ ಕ್ಯಾಬೇಜ್ ಹಿಲ್‌ನಲ್ಲಿ ಶೇಕಡಾ 6ರ ಇಳಿಜಾರು ಮೈಲಿಗಟ್ಟಲೆ ಇದೆ, 80,000 ಪೌಂಡ್ ತೂಕ, ಅಂದರೆ 36 ಟನ್, ಬೆನ್ನ ಹಿಂದೆ ನೂಕುತ್ತಿರುತ್ತದೆ. ಮೇಲೆಯೇ ವೇಗ ಇಳಿಸಿ, ಎಂಜಿನ್ ಬ್ರೇಕ್ ಹಾಕಿ, ಕಾಲಿನ ಬ್ರೇಕನ್ನು ಉಳಿಸಿಕೊಂಡು ಇಳಿಯುವುದನ್ನು ಬಯಲುಸೀಮೆಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕು. ನಿನಗೆ ಬೇಕಿಲ್ಲ.

ಸಮಯದ ಲೆಕ್ಕ ಮಾತ್ರ ನಿನಗೆ ಪೂರ್ತಿ ಹೊಸದು. 10 ಗಂಟೆ ವಿರಾಮದ ನಂತರ 11 ಗಂಟೆ ಓಡಿಸಬಹುದು, ಆದರೆ ಕೆಲಸ ಆರಂಭಿಸಿದ ಕ್ಷಣದಿಂದ 14 ಗಂಟೆಯೊಳಗೆ. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ನಿಲ್ಲಲೇಬೇಕು. ದೊಡ್ಡ ಕಂಪನಿಗಳಲ್ಲಿ ಎಂಟು ದಿನಕ್ಕೆ 70 ಗಂಟೆಯ ಮಿತಿ, 34 ಗಂಟೆ ಬಿಡುವು ಸಿಕ್ಕರೆ ಲೆಕ್ಕ ಹೊಸದಾಗಿ ಶುರು. ಎಂಜಿನ್ನಿಗೆ ಜೋಡಿಸಿದ ಎಲೆಕ್ಟ್ರಾನಿಕ್ ಲಾಗ್ ಇದನ್ನೆಲ್ಲ ತಾನೇ ಬರೆದುಕೊಳ್ಳುತ್ತದೆ. ಗೋದಾಮಿನ ಬಾಗಿಲಲ್ಲಿ ಐದು ಗಂಟೆ ಕಾದರೂ ಆ 14 ಗಂಟೆಯ ಗಡಿಯಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸಂಬಳ ಮಾತ್ರ ಮೈಲಿಗೆ. ಮೈಲಿಗೆ 50 ಸೆಂಟ್ ಎಂದಿಟ್ಟುಕೋ, ವಾರಕ್ಕೆ 2,000 ಮೈಲಿ ಓಡಿದರೆ ತೆರಿಗೆಗೆ ಮೊದಲು 1,000 ಡಾಲರ್, ಕಾಯಿಸಿ ಕಾಯಿಸಿ 1,400 ಮೈಲಿ ಆದರೆ 700. ಅದೂ ನಿನ್ನ ಮೀಟರಿನ ಮೈಲಿಯಲ್ಲ, ಅವರು ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕದ ಮೈಲಿ, ಕೆಲವೆಡೆ ಇನ್ನೂ ಕಡಿಮೆ ಬರುತ್ತದೆ. ಕೇಂದ್ರದ ಕಾರ್ಮಿಕ ಕಾನೂನಿನ ಓವರ್‌ಟೈಮ್ ನಮ್ಮಂಥ ಚಾಲಕರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಮೈಲಿ ದರ ಕೇಳಿ ಸುಮ್ಮನಾಗಬೇಡ: ಕಾಯುವುದಕ್ಕೆ ಎಷ್ಟನೆಯ ಗಂಟೆಯಿಂದ ಹಣ, ತರಬೇತಿಯ ವಾರಗಳಿಗೆ ಎಷ್ಟು, ಹೊಸಬರಿಗೆ ವಾರಕ್ಕೆ ಕನಿಷ್ಠ ಖಾತರಿ ಇದೆಯೇ ಎಂದು ಕೇಳು. ಮನೆಗೆ ಹೋಗುವ ರಜೆ ಸಾಮಾನ್ಯವಾಗಿ ಒಂದು ವಾರ ದುಡಿದರೆ ಒಂದು ದಿನ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಈಗ ಬರೆಯುತ್ತೇನೆ. ಹೊಸಬನಾಗಿದ್ದಾಗ ಒಂದು ಚಳಿಗಾಲದಲ್ಲಿ ವಯೋಮಿಂಗ್‌ನ ಐ-80 ಹೆದ್ದಾರಿಯಲ್ಲಿ, ಎಲ್ಕ್ ಮೌಂಟನ್ ಕಡೆ ಹೋಗಬೇಕಾಗಿತ್ತು. ಗಾಳಿಗೆ ಖಾಲಿ ಟ್ರೇಲರುಗಳು ಮಗುಚಿಬೀಳುವ ಜಾಗ ಅದು. ನನ್ನದೂ ಹೆಚ್ಚುಕಡಿಮೆ ಖಾಲಿ. ಎಲ್ಲರೂ ಹೋಗುತ್ತಿದ್ದಾರೆ, ನೀನೊಬ್ಬನೇ ಏಕೆ ನಿಂತಿದ್ದೀಯ ಎಂದು ಡಿಸ್ಪ್ಯಾಚರ್, ಅಂದರೆ ಕಚೇರಿಯಿಂದ ನಮಗೆ ಸರಕು ಹಂಚಿ ಓಡಿಸುವವನು, ಫೋನಿನಲ್ಲಿ ಒತ್ತಿದ. ನಾನು ಅದಕ್ಕೂ ಮುಂಚೆ ಸಿಗುವ ಲಾರಮಿ ಊರಿನಲ್ಲೇ ಟ್ರಕ್ ನಿಲ್ಲಿಸಿ, ಗಾಳಿಯ ವೇಗ, ರಸ್ತೆಯ ಸ್ಥಿತಿ ಬರೆದು, ಸುರಕ್ಷಿತವಲ್ಲ, ಓಡಿಸುವುದಿಲ್ಲ ಎಂದು ಟ್ರಕ್ಕಿನ ಸಂದೇಶ ಯಂತ್ರದಲ್ಲೇ ಕಳುಹಿಸಿದೆ. ಬರಹದಲ್ಲಿ ಬಂದ ಕೂಡಲೇ ಅವನ ಧ್ವನಿ ಬದಲಾಯಿತು. ಕೆಲಸ ಹೋಗಲಿಲ್ಲ.

ಇದು ಧೈರ್ಯದ ಮಾತಲ್ಲ, ಕಾನೂನಿನ ಮಾತು. ಅಪಾಯವಿದ್ದಾಗ, ದಣಿದಾಗ, ಗಂಟೆಗಳು ಮುಗಿದಾಗ ಓಡಿಸಲು ಒಲ್ಲೆ ಎಂದವನನ್ನು ಶಿಕ್ಷಿಸುವುದು ಇಲ್ಲಿ ನಿಷಿದ್ಧ. ಹಾಗೆ ಮಾಡಿದರೆ 180 ದಿನಗಳೊಳಗೆ ಕಾರ್ಮಿಕ ಇಲಾಖೆಯ ಓಷಾ ವಿಭಾಗಕ್ಕೆ ದೂರು ಕೊಡಬಹುದು. ನಿಯಮ ಮುರಿಯುವಂತೆ ಬಲವಂತ ಮಾಡುವುದರ ವಿರುದ್ಧ 2016ರಿಂದ ಪ್ರತ್ಯೇಕ ನಿಯಮವೂ ಇದೆ. ಸರಕು ಅವರದು, ಟ್ರಕ್ ಅವರದು, ಪರವಾನಗಿ ನಿನ್ನದು. ಟ್ರಕ್ ಮಗುಚಿದರೆ ಅವರಿಗೆ ವಿಮೆ ಬರುತ್ತದೆ, ನಿನ್ನ ದಾಖಲೆಯಲ್ಲಿ ಕಲೆ ಉಳಿಯುತ್ತದೆ, ಮನೆಯವರಿಗೆ ಏನು ಉಳಿಯುತ್ತದೆಂದು ಬರೆಯಲಾರೆ.

ಸಂಜೆ ನಾಲ್ಕರೊಳಗೆ ನಿಲ್ಲುವ ಜಾಗ ಹುಡುಕಿಕೋ, ಕತ್ತಲಾದ ಮೇಲೆ ಟ್ರಕ್ ಸ್ಟಾಪುಗಳು ತುಂಬಿರುತ್ತವೆ. 2009ರಲ್ಲಿ ಜೇಸನ್ ರಿವೆನ್‌ಬರ್ಗ್ ಎಂಬ ಚಾಲಕ ಜಾಗ ಸಿಗದೆ ದಕ್ಷಿಣ ಕ್ಯಾರೊಲಿನಾದ ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕೊಲೆಯಾದ. ಅವನ ಹೆಂಡತಿ ಹೋರಾಡಿ, 2012ರಲ್ಲಿ ಅವನ ಹೆಸರಿನಲ್ಲಿ ಟ್ರಕ್ ನಿಲುಗಡೆಯ ಕಾನೂನು ಬಂತು. ಜಾಗದ ಕೊರತೆ ಇಂದಿಗೂ ಇದೆ.

ಊಟಕ್ಕೆ ಯೋಚಿಸಬೇಡ. ಕ್ಯಾಬಿನ್ನಿನಲ್ಲಿ ಅನ್ನ ಮಾಡುವ ಚಿಕ್ಕ ಕುಕ್ಕರ್, ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಇದ್ದರೆ ವಾರ ಕಳೆಯುತ್ತದೆ. ಐ-40ರಲ್ಲಿ, ಒಕ್ಲಹೋಮಾದ ಸೇಯರ್‌ನಂತಹ ಸಣ್ಣ ಊರಿನಲ್ಲೂ ಪಂಜಾಬಿಗಳ ಢಾಬಾ ಇದೆ. ಈ ದೇಶದ ರಸ್ತೆಗಳಲ್ಲಿ ಸಿಖ್ ಚಾಲಕರು ನಮಗಿಂತ ಎಷ್ಟೋ ಮೊದಲೇ ದಾರಿ ಮಾಡಿದ್ದಾರೆ. ಅವರೊಡನೆ ಕೂತು ಮಾತಾಡು, ಯಾವ ಕಂಪನಿ ಹೇಗೆ ಎಂಬುದು ಜಾಹೀರಾತಿಗಿಂತ ಅಲ್ಲಿ ಸರಿಯಾಗಿ ತಿಳಿಯುತ್ತದೆ.

ಒಪ್ಪಂದದ ಪ್ರತಿ ಬಂದ ಕೂಡಲೇ ಸಹಿ ಮಾಡಬೇಡ. ಎಲ್ಲ ಪುಟಗಳ ಚಿತ್ರ ತೆಗೆದು ನನಗೆ ಕಳುಹಿಸು. ಶನಿವಾರ ನಾನು ಇಂಡಿಯಾನಾದಲ್ಲಿ ವಿರಾಮದಲ್ಲಿರುತ್ತೇನೆ, ಇಬ್ಬರೂ ಫೋನಿನಲ್ಲಿ ಕೂತು ಸಾಲು ಸಾಲಾಗಿ ಓದೋಣ. ಅತ್ತಿಗೆಯನ್ನೂ ಪಕ್ಕದಲ್ಲಿ ಕೂರಿಸಿಕೋ, ಅವರಿಗೂ ಕೇಳಬೇಕಾದ ಪ್ರಶ್ನೆಗಳಿರುತ್ತವೆ.

ಇಂತಿ,
ನಿನ್ನ ಗೆಳೆಯ