ಬೀಗ ಹಾಕಿದ್ದು ಸರಿ, ಕೆಲಸ ಸಾಗೋ ದಾರಿ ಎಲ್ಲಿ?

ಮಾನ್ಯ ಸಂಪಾದಕರೇ,

ನಮ್ಮ ಆಫೀಸಲ್ಲಿ ಫೋನಿಗೂ ಕಂಪ್ಯೂಟರಿಗೂ ಮಧ್ಯೆ ಫೈಲ್ ಹೋಗಿ ಬರೋ ದಾರಿಗಳಿಗೆಲ್ಲಾ ಐಟಿಯವರು (ಕಂಪ್ಯೂಟರ್ ನೋಡ್ಕೊಳ್ಳೋರು) ಬೀಗ ಹಾಕಿದಾರೆ. ಇದು ಪೇಪರಿಗೆ ಬರೆಯೋ ಅಷ್ಟು ದೊಡ್ಡ ವಿಷಯ ಅಲ್ಲ ಅಂತ ಇಷ್ಟು ದಿನ ಸುಮ್ನಿದ್ದೆ. ಆದ್ರೆ ಮೊನ್ನೆ ನಮ್ಮ ಸೆಕ್ಷನ್ನಲ್ಲಿ ಒಬ್ಬ ಹುಡುಗನಿಗೆ ಮೆಮೋ ಬಂತು, ಅದನ್ನ ನೋಡಿದ್ಮೇಲೆ ಬರೀದೇ ಇರೋಕಾಗ್ಲಿಲ್ಲ.

ನನ್ನ ಕೆಲಸ ಏನಂದ್ರೆ ಹೊರಗೆ ಹೋಗಿ ಸೈಟ್ ನೋಡ್ಕೊಂಡು, ಮೊಬೈಲಲ್ಲಿ ಫೋಟೋ ತೆಕ್ಕೊಂಡು ಬಂದು, ಆಫೀಸ್ ಕಂಪ್ಯೂಟರಲ್ಲಿ ರಿಪೋರ್ಟ್ ಮಾಡಿ ಕೊಡೋದು. ಫೋನೂ ಅದೇ ಟೇಬಲ್ ಮೇಲೆ, ಕಂಪ್ಯೂಟರೂ ಅದೇ ಟೇಬಲ್ ಮೇಲೆ, ಮಧ್ಯೆ ಇರೋದು ಒಂದು ಗೇಣು ಜಾಗ, ಆ ಒಂದು ಗೇಣು ದಾಟಿಸೋಕೆ ಕೆಲವು ಸಲ ಅರ್ಧ ದಿನ ಹೋಗುತ್ತೆ. ಕೇಬಲ್ ಚುಚ್ಚಿದ್ರೆ ಚಾರ್ಜ್ ಆಗುತ್ತೆ ಅಷ್ಟೇ. ಮೊದಲು ನಾನು ಫೋನಿಂದೇ ತಪ್ಪು ಅನ್ಕೊಂಡಿದ್ದೆ, ಯಾಕಂದ್ರೆ ಆಂಡ್ರಾಯ್ಡ್ ಫೋನುಗಳು 2015ರಲ್ಲಿ ಬಂದ ಮಾರ್ಷ್‌ಮೆಲೋ ಆವೃತ್ತಿಯಿಂದ ಈಚೆಗೆ ಚುಚ್ಚಿದ ತಕ್ಷಣ ಬರೀ ಚಾರ್ಜ್ ತಗೊಳ್ತವೆ, ಮೇಲಿಂದ ನೋಟಿಫಿಕೇಶನ್ ಎಳೆದು ಫೈಲ್ ಟ್ರಾನ್ಸ್‌ಫರ್ ಅನ್ನೋದನ್ನ ನಾವೇ ಒತ್ತಬೇಕು. ಅದನ್ನೂ ಒತ್ತಿದೆ. ಫೋನಿನ ಹೆಸರು ಕಾಣಿಸ್ತು, ಕ್ಲಿಕ್ ಮಾಡಿದ್ರೆ ಅನುಮತಿ ಇಲ್ಲ ಅಂತ ಬಂತು. ಬ್ಲೂಟೂತ್ ತೆಗೆದಿದಾರೆ, ಪೆನ್ ಡ್ರೈವ್ ಬ್ಲಾಕ್, ವಾಟ್ಸಾಪ್ ವೆಬ್ ಬ್ಲಾಕ್, ಗೂಗಲ್ ಡ್ರೈವ್ ಬ್ಲಾಕ್. ಉಳಿದಿರೋದು ಆಫೀಸ್ ಮೇಲ್ ಒಂದೇ.

ಆ ಮೇಲ್ ಕಥೆನೂ ಹೇಳ್ಬೇಕು. ನಮ್ಮಲ್ಲಿ ಒಂದು ಮೇಲ್‌ಗೆ 10 ಎಂಬಿ ಮಿತಿ. ಫೋಟೋ ಒಂದೊಂದು ನಾಲ್ಕೂವರೆ ಎಂಬಿ ಇರುತ್ತೆ, ಎರಡು ಹಾಕಿದ್ರೆ 9 ಆಯ್ತು, ಹೋಗ್ಬೇಕಲ್ವಾ, ಹೋಗಲ್ಲ. ಮೇಲ್ ಕಳಿಸುವಾಗ ಫೈಲನ್ನ ಅಕ್ಷರಗಳಾಗಿ ಬದಲಾಯಿಸ್ತಾರಂತೆ, ಪ್ರತಿ 3 ಬೈಟ್‌ಗೆ 4 ಅಕ್ಷರ ಆಗುತ್ತೆ, ಹಾಗಾಗಿ 9 ಇದ್ದದ್ದು ದಾರೀಲಿ 12 ಆಗಿರುತ್ತೆ. ಇದನ್ನ ನನಗೆ ಐಟಿಯವರೇ ಬಿಡಿಸಿ ಹೇಳಿದ್ದು. 26 ಫೋಟೋ ಇದ್ರೆ 26 ಮೇಲ್. ಒಂದೊಂದನ್ನೇ ಕಳಿಸಿ, ಒಂದೊಂದನ್ನೇ ಡೌನ್‌ಲೋಡ್ ಮಾಡಿ, ಯಾವುದು ಯಾವ ಜಾಗದ್ದು ಅಂತ ಹೆಸರು ಹಾಕ್ತಾ ಕೂತ್ರೆ ಸಂಜೆ ಆಗುತ್ತೆ. ಪಕ್ಕದ ಟೇಬಲ್ ಮೇಡಮ್ಮದು ಐಫೋನ್, ಅವರ ಫೋಟೋ ಬಂದ್ರೂ ತೆರೆಯಲ್ಲ, 2017ರಿಂದ ಐಫೋನಲ್ಲಿ ಫೋಟೋ ಎಚ್‌ಇಐಸಿ ಅನ್ನೋ ರೂಪದಲ್ಲಿ ಸೇವ್ ಆಗೋದು, ನಮ್ಮ ಕಂಪ್ಯೂಟರಲ್ಲಿ ಅದನ್ನ ತೆರೆಯೋ ಸಾಫ್ಟ್‌ವೇರ್ ಇಲ್ಲ, ಹಾಕ್ಕೊಳ್ಳೋಣ ಅಂದ್ರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ. (ಐಫೋನ್ ಇರೋರು ಸೆಟ್ಟಿಂಗ್ಸಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಅಂತ ಇಟ್ಕೊಂಡ್ರೆ ಅಲ್ಲಿಂದ ಮುಂದೆ ತೆಗೆಯೋ ಫೋಟೋ ಜೆಪಿಜಿಲಿ ಬರುತ್ತೆ. ಅವರಿಗೆ ಇದು ಗೊತ್ತಾಗೋಕೆ ಎರಡು ವರ್ಷ ಹಿಡೀತು.)

ಕಂಪ್ಯೂಟರಿಂದ ಫೋನಿಗೆ ಬರೋದು ಇನ್ನೂ ಕಷ್ಟ. ಸೈಟಿಗೆ ಹೋಗುವಾಗ ಹಳೇ ಲೆಕ್ಕದ ಪಟ್ಟಿ ಕೈಯಲ್ಲಿರ್ಬೇಕು, ಹೊರಗಿನ ಮೇಲ್‌ಗೆ ಕಳಿಸಂಗಿಲ್ಲ, ಎಲ್ಲರೂ ಏನ್ ಮಾಡ್ತಾರೆ ಅಂದ್ರೆ ಸ್ಕ್ರೀನ್ ಫೋಟೋ ಹೊಡ್ಕೊಂಡು ಹೋಗ್ತಾರೆ. ನಾನೂ ಹೊಡೆದಿದೀನಿ. ಟ್ಯೂಬ್‌ಲೈಟ್ ಬೆಳಕು ಸ್ಕ್ರೀನ್ ಮೇಲೆ ಬಿದ್ದಿತ್ತು, ಅಲೆಅಲೆ ಗೆರೆ ಬೇರೆ, 3 ಯಾವುದು 8 ಯಾವುದು ಗೊತ್ತಾಗ್ಲಿಲ್ಲ. 380 ಇದ್ದದ್ದನ್ನ ನಾನು 330 ಅಂತ ಓದಿ ಆ ಅಳತೆನೇ ರಿಪೋರ್ಟಲ್ಲಿ ಹಾಕ್ದೆ, ಆಮೇಲೆ ಇಡೀ ಸೈಟ್ ಎರಡನೇ ಸಲ ಅಳೀಬೇಕಾಯ್ತು, ನನ್ನ ಜೊತೆ ಇನ್ನಿಬ್ಬರ ಒಂದು ದಿನ ಹಾಳಾಯ್ತು. ಮಾಹಿತಿ ಹೊರಗೆ ಹೋಗ್ಬಾರ್ದು ಅಂತ ಬೀಗ ಹಾಕಿದ್ರು ತಾನೆ, ಮಾಹಿತಿ ಹೋಗೇ ಹೋಯ್ತು, ತಪ್ಪು ತಪ್ಪಾಗಿ ಹೋಯ್ತು, ನನ್ನ ಗ್ಯಾಲರಿಲಿ ಮನೆಯವರ ಫೋಟೋ ಪಕ್ಕದಲ್ಲೇ ಕೂತ್ಕೊಂಡು ನನ್ನ ಸ್ವಂತ ಅಕೌಂಟಿಗೆ ತಾನಾಗೇ ಬ್ಯಾಕಪ್ಪೂ ಆಯ್ತು.

ಈಗ ಆ ಹುಡುಗನ ವಿಷಯ. ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆ. ಸುಮಾರು 40 ಅರ್ಜಿಗಳನ್ನ ಮೊಬೈಲಲ್ಲೇ ಸ್ಕ್ಯಾನ್ ಮಾಡಿದ್ದ, ಒಂದೇ ಪಿಡಿಎಫ್ ಆಗಿತ್ತು, ಮೇಲಲ್ಲಿ ಹೋಗ್ಲಿಲ್ಲ, ಸಂಜೆ ಐದಕ್ಕೆ ಕೊಡ್ಬೇಕಿತ್ತು. ಫೋನಲ್ಲಿ ಹುಡುಕಿದ, ಪಿಡಿಎಫ್ ಸೈಜ್ ಕಮ್ಮಿ ಮಾಡೋ ಫ್ರೀ ಸೈಟ್ ಸಿಕ್ತು, ಅದಕ್ಕೆ ಅಪ್‌ಲೋಡ್ ಮಾಡ್ಬಿಟ್ಟ. 40 ಜನರ ಹೆಸರು, ವಿಳಾಸ, ಸಹಿ, ಬ್ಯಾಂಕ್ ಖಾತೆ ನಂಬರ್ ಎಲ್ಲಾ ಯಾರದ್ದೋ ಸರ್ವರ್‌ಗೆ ಹೋಯ್ತು, ಅದನ್ನ ಅಳಿಸ್ತಾರೋ ಇಟ್ಕೊಳ್ತಾರೋ ಯಾರಿಗೆ ಗೊತ್ತು. ಅರ್ಜಿ ಕೊಟ್ಟೋರು ನಮ್ಮನ್ನ ನಂಬಿ ಕೊಟ್ಟಿದ್ದು. ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಯಾಕಂದ್ರೆ ಅವನ ಜಾಗದಲ್ಲಿ ನಾನಿದ್ರೂ ಬಹುಶಃ ಹಾಗೇ ಮಾಡ್ತಿದ್ದೆ. ಮೇಲಿನವರಿಗೆ ಗೊತ್ತಾಗಿ ಮೆಮೋ ಕೊಟ್ರು. ಮತ್ತೆ ಹೇಗೆ ಕಳಿಸ್ಬೇಕಿತ್ತು ಅನ್ನೋದು ಮಾತ್ರ ಆ ಮೆಮೋದಲ್ಲಿ ಎಲ್ಲೂ ಇಲ್ಲ.

ಬೀಗನೇ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. 2008ರಲ್ಲಿ ಅಮೆರಿಕದ ಮಿಲಿಟರಿ ಕಂಪ್ಯೂಟರ್‌ಗಳಿಗೆ ಪೆನ್ ಡ್ರೈವಿಂದ ವೈರಸ್ ನುಗ್ಗಿ ಕೊನೆಗೆ ಪೆನ್ ಡ್ರೈವೇ ನಿಷೇಧ ಮಾಡ್ಬೇಕಾಯ್ತು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಅನ್ನೋ ವೈರಸ್ ಇರಾನಿನ ನತಾಂಜ್ ಅಣು ಘಟಕಕ್ಕೆ ಬಡಿದಿದ್ದು, ಅದೂ ಹರಡ್ತಾ ಇದ್ದದ್ದು ಯುಎಸ್‌ಬಿ ಡ್ರೈವಿಂದಾನೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಲ್ಲಿ ಸಂಶೋಧಕರು 297 ಪೆನ್ ಡ್ರೈವ್ ಅಲ್ಲಲ್ಲಿ ಬೀಳಿಸಿ ನೋಡಿದ್ರು, ಅದರಲ್ಲಿ ಕಮ್ಮಿ ಅಂದ್ರೂ ನೂರಕ್ಕೆ 45ನ್ನ ಸಿಕ್ಕೋರು ಚುಚ್ಚಿ ಫೈಲ್ ತೆರೆದಿದ್ರು, 2016ರಲ್ಲಿ ಅದು ಪ್ರಕಟ ಆಯ್ತು. ಐಟಿಯವರ ಭಯಕ್ಕೆ ಅರ್ಥ ಇದೆ.

ಆದ್ರೆ ಭಯ ಎರಡು ಥರದ್ದು. ಹೊರಗಿಂದ ವೈರಸ್ ಬರೋದು ಒಂದು, ಒಳಗಿಂದ ಮಾಹಿತಿ ಹೋಗೋದು ಇನ್ನೊಂದು. ಎರಡಕ್ಕೂ ಸೇರಿ ಒಂದೇ ಬೀಗ ಜಡಿದಿದಾರೆ. ವಿಂಡೋಸ್‌ನಲ್ಲೇ ಫೋನಿಂದ ಓದೋಕೆ ಬೇರೆ, ಫೋನಿಗೆ ಬರೆಯೋಕೆ ಬೇರೆ ಅಂತ ಎರಡು ಪ್ರತ್ಯೇಕ ನಿಯಮ ಇದೆ, ಬರೆಯೋದನ್ನ ಮುಚ್ಚಿ ಓದೋದನ್ನ ಮಾತ್ರ ಬಿಟ್ರೆ ಫೋಟೋ ಒಳಗೆ ಬರುತ್ತೆ, ಒಳಗಿಂದು ಹೊರಗೆ ಹೋಗಲ್ಲ. ಅಷ್ಟಕ್ಕೂ ಧೈರ್ಯ ಸಾಲ್ದಿದ್ರೆ ಮೂಲೇಲಿ ಒಂದು ಹಳೇ ಕಂಪ್ಯೂಟರನ್ನ ನೆಟ್‌ವರ್ಕಿಂದ ಬೇರೆ ಮಾಡಿ ಇಡ್ಲಿ, ಫೋನನ್ನ ಅದಕ್ಕೆ ಹಚ್ಚಿ, ವೈರಸ್ ಚೆಕ್ ಆದ ಫೈಲನ್ನ ಐಟಿಯವರೇ ನಮ್ಮ ಕಂಪ್ಯೂಟರಿಗೆ ಹಾಕಿ ಕೊಡ್ಲಿ. ಇಲ್ಲಾಂದ್ರೆ ಆಫೀಸಿನದೇ ಒಂದು ಅಪ್‌ಲೋಡ್ ಪೇಜ್ ಮಾಡ್ಲಿ, ಫೋನಿಂದ ಲಾಗಿನ್ ಆಗಿ ಫೈಲ್ ಹಾಕ್ತೀವಿ, ಅಲ್ಲೇ ವೈರಸ್ ಚೆಕ್ ಆಗ್ಲಿ, ಯಾರು ಯಾವಾಗ ಏನು ಹಾಕಿದ್ರು ಅಂತ ದಾಖಲೆ ಇರ್ಲಿ, ಒಂದು ದಿನ ಆದ್ಮೇಲೆ ಅಲ್ಲಿಂದ ಅಳಿಸಿ ಹೋಗ್ಲಿ. ನಮ್ಮನ್ನ ನಂಬಿ ಅಂತಾನೂ ಕೇಳ್ತಿಲ್ಲ, ಲೆಕ್ಕ ಇಟ್ಕೊಳ್ಳಿ, ಕೆಲಸಕ್ಕೆ ದಾರಿ ಕೊಡಿ.

ನನ್ನ ಥರ ಕೆಲಸ ಮಾಡೋರಿಗೂ ಒಂದು ಮಾತು. ಆಫೀಸ್ ಕಂಪ್ಯೂಟರನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕ್ಬೇಡಿ, ಅದು ಎಲ್ಲಕ್ಕಿಂತ ಅಪಾಯ, ಹೊರಗಿನ ಅಪಾಯ ತಡೆಯೋಕೆ ಇಡೀ ಆಫೀಸಿಗೆ ಹಾಕಿರೋ ಫೈರ್‌ವಾಲ್ ಅನ್ನೋ ಕಾವಲನ್ನ ಬದಿಗಿಟ್ಟು ಆ ಕಂಪ್ಯೂಟರ್ ನೇರವಾಗಿ ಹೊರಗೆ ಹೋಗುತ್ತೆ. ಫ್ರೀ ಸೈಟಿಗೆ ಜನರ ದಾಖಲೆ ಹಾಕ್ಬೇಡಿ. ಫೋಟೋ ತೆಗೆಯೋಕೆ ಮುಂಚೆನೇ ಕ್ಯಾಮೆರಾದಲ್ಲಿ ರೆಸಲ್ಯೂಶನ್ ಕಮ್ಮಿ ಮಾಡ್ಕೊಳ್ಳಿ, ರಿಪೋರ್ಟಿಗೆ ಅಷ್ಟು ದೊಡ್ಡ ಫೋಟೋ ಬೇಕಿಲ್ಲ, ಒಂದು ಮೇಲಲ್ಲಿ ಏಳೆಂಟು ಹಿಡಿಸುತ್ತೆ. ದಾರಿ ಇಲ್ಲ ಅನ್ನೋದನ್ನ ಬಾಯಲ್ಲಿ ಹೇಳಿ ಸುಮ್ನಾಗ್ಬೇಡಿ, ಬರೆದು ಕೊಡಿ, ತಾರೀಖು ಹಾಕಿ ಕೊಡಿ.

ನಾವೂ ಹಾಗೇ ಮಾಡಿದೀವಿ. ಸೋಮವಾರ ಸೆಕ್ಷನ್ನಿನ ಆರು ಜನ ಸಹಿ ಹಾಕಿ ಐಟಿಗೆ ಒಂದು ಪತ್ರ ಕೊಟ್ಟಿದೀವಿ, ಮೇಲೆ ಬರೆದಿರೋದೆಲ್ಲಾ ಅದರಲ್ಲಿದೆ. ಆ 40 ಜನಕ್ಕೂ ನಡೆದಿದ್ದನ್ನ ತಿಳಿಸ್ಬೇಕು ಅಂತಾನೂ ಕೇಳಿದೀವಿ. ಹುಡುಗ ಮೆಮೋಗೆ ಉತ್ತರ ಕೊಡೋಕೆ ಶುಕ್ರವಾರದವರೆಗೆ ಟೈಮ್ ಇದೆ, ಅವನ ಉತ್ತರದ ಜೊತೆ ನಮ್ಮ ಪತ್ರದ ಕಾಪಿನೂ ಲಗತ್ತಿಸಿ ಕೊಡ್ತಿದೀವಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ